ಗುರುವಾರದ ಖಾಲಿ ಸರದಿ

ನಮ್ಮ ಪಿಟ್‌ಹೇವನ್ ಊರಿನವರಿಗೆ ಮರ್ಯಾದೆ ಅನ್ನುವುದು ಸ್ವಲ್ಪ ಜಾಸ್ತಿ. ಕೇಳಿದರೆ ಎದುರಿನವನಿಗೆ ಮುಜುಗರವಾದೀತೆಂದು ಕೇಳುವುದಿಲ್ಲ, ಹೇಳಿದರೆ ಮನಸ್ಸಿಗೆ ಚುಚ್ಚೀತೆಂದು ಹೇಳುವುದೂ ಇಲ್ಲ. ಹೀಗೆ ಕೇಳದೆ ಹೇಳದೆಯೇ ಇವರೆಲ್ಲ ಸೇರಿ, ಬದುಕಿರುವ ಮನುಷ್ಯನೊಬ್ಬನನ್ನು ತಿಂಗಳುಗಟ್ಟಲೆ ಸತ್ತವರ ಸಾಲಿನಲ್ಲಿ ನಿಲ್ಲಿಸಿದ್ದರು. ಆ ಮನುಷ್ಯ ಎಬ್ ಇಮ್ರಿ. ನಾನು ಐಸಾ ಮೆಲ್ಡ್ರಮ್, ಗಾಲ್ಫ್ ಮೈದಾನದ ಬಾಗಿಲಲ್ಲಿ ಚಹಾದ ಕಿಟಕಿ ನಡೆಸುವವಳು. ನನ್ನ ನಾಲಿಗೆ ಉದ್ದ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಊರಿಗೊಂದಾದರೂ ಉದ್ದ ನಾಲಿಗೆ ಬೇಕು ಎಂದು ನನಗೆ ಖಾತ್ರಿಯಾದದ್ದು ಇಮ್ರಿಯ ವಿಷಯದಲ್ಲೇ.

ಇಮ್ರಿಗೆ ಈಗ ಎಂಬತ್ತು ದಾಟಿದೆ. ಬೆನ್ನು ಇನ್ನೂ ನೆಟ್ಟಗಿದೆ. ಗಾಲ್ಫ್ ಆಡುವುದಕ್ಕೂ ಟೈ ಕಟ್ಟಿಕೊಂಡು ಬರುವ ಗಂಡಸು ಈ ಕರಾವಳಿಯಲ್ಲಿ ಅವನೊಬ್ಬನೇ ಉಳಿದಿರುವುದು. ಮೀನಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬನೇ ಇರುತ್ತಾನೆ. ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ವಾರಕ್ಕೊಂದೂರು ಅಲೆಯೋನ ಹಿಂದೆ ಯಾವಳು ಬರ್ತಾಳೆ ಹೇಳು? ಬಂದ್ರೂ ಗಾಡೀಲಿ ಜಾಗ ಎಲ್ಲಿತ್ತು?" ಎಂದಿದ್ದ.

ಆ ಗಾಡಿಯ ಕಥೆಯನ್ನು ಹೇಳಲೇಬೇಕು. ಅರವತ್ತರ ದಶಕದಲ್ಲಿ ನಮ್ಮೂರಿಂದ ಗಾಲ್ಫನ್ನೇ ಕಸುಬು ಮಾಡಿಕೊಂಡ ನಾಲ್ವರು ಆಟಗಾರರು ಹೊರಟಿದ್ದರು. ಎಬ್ ಇಮ್ರಿ, ಟ್ಯಾಮ್ ಗೌರ್ಲಿ, ಡಾಡ್ ಸ್ಪೆನ್ಸ್, ವಾಟ್ ಲೈಲ್. ಒಂದೇ ಶಾಲೆ, ಒಂದೇ ಬೆಂಚು. ವಾಟ್‌ನ ಮಾವ ಶವಪೆಟ್ಟಿಗೆ ಸಾಗಿಸುವವನು. ಅವನು ಹೊಸ ಗಾಡಿ ಕೊಂಡಾಗ ಹಳೆಯದನ್ನು ಇವರಿಗೆ ಕೊಟ್ಟ. ಉದ್ದ ಇದ್ದದ್ದರಿಂದ ನಾಲ್ಕು ಚೀಲ ಗಾಲ್ಫ್ ಕೋಲುಗಳೂ ಹಿಡಿಸಿ, ಒಬ್ಬ ಕಾಲು ಚಾಚಿ ಮಲಗಬಹುದಾಗಿತ್ತು. ಆ ಗಾಡಿಯಲ್ಲೇ ಅವರು ಸ್ಕಾಟ್ಲೆಂಡಿನ ಉದ್ದಗಲ, ಕೆಳಗೆ ಇಂಗ್ಲೆಂಡಿನವರೆಗೂ ಪಂದ್ಯದಿಂದ ಪಂದ್ಯಕ್ಕೆ ಓಡಾಡಿದರು. ದಾರಿಯ ಹಳ್ಳಿಗಳಲ್ಲಿ ಜನ ಯಾರೋ ಪಾಪ ಹೋದರೆಂದು ತಲೆ ತಗ್ಗಿಸಿ ನಿಲ್ಲುವರಂತೆ. ಒಳಗೆ ಮಲಗಿದ್ದ ಡಾಡ್ ಎದ್ದು ಕೂತು ಕೈ ಬೀಸುವನಂತೆ. ಒಬ್ಬ ಮುದುಕಿ ಕಿರುಚಿಕೊಂಡು ಬೇಲಿಗೆ ಬಿದ್ದಳು ಎಂದು ಇಮ್ರಿ ಹೇಳುವಾಗ ಅವನಿಗೆ ನಗು ತಡೆಯದೆ ಚಹಾ ಚೆಲ್ಲುತ್ತಿತ್ತು.

ಈಗ ಟಿವಿಯಲ್ಲಿ ಅದನ್ನೆಲ್ಲ ಬಂಗಾರದ ಕಾಲ ಎನ್ನುತ್ತಾರೆ. ಕಪ್ಪುಬಿಳುಪು ಚಿತ್ರಕ್ಕೆ ಪಿಟೀಲು ಬಾರಿಸಿ ತೋರಿಸುತ್ತಾರೆ. ಬಂಗಾರ ಎಲ್ಲಿತ್ತು? ಎಷ್ಟೋ ಕಡೆ ಕಸುಬಿನವರಿಗೆ ಕ್ಲಬ್ಬಿನ ಮುಂಬಾಗಿಲಿಂದ ಪ್ರವೇಶವೇ ಇರಲಿಲ್ಲ. ಇವರು ಬೂಟು ಬದಲಾಯಿಸುತ್ತಿದ್ದದ್ದು ಆ ಶವದ ಗಾಡಿಯಲ್ಲಿ ಕೂತು. ವರ್ಷಕ್ಕೊಮ್ಮೆಯ ದೊಡ್ಡ ಪಂದ್ಯ ಶುಕ್ರವಾರವೇ ಮುಗಿಯಬೇಕಿತ್ತು, ಯಾಕೆಂದರೆ ಶನಿವಾರ ಬೆಳಿಗ್ಗೆ ಆಟಗಾರರೆಲ್ಲ ತಂತಮ್ಮ ಅಂಗಡಿ ತೆರೆದು ಕೋಲು ರಿಪೇರಿಗೆ ಕೂರಬೇಕು. ಇಮ್ರಿಯ ಅಂಗಡಿಯಲ್ಲಿ ವಾರ್ನಿಶ್ ವಾಸನೆ, ಟಾರು ಹಚ್ಚಿದ ದಾರದ ವಾಸನೆ. ನನ್ನಪ್ಪನ ಜೊತೆ ಹೋದಾಗಲೆಲ್ಲ ಮೂಗು ಅರಳಿಸಿಕೊಂಡು ನಿಲ್ಲುತ್ತಿದ್ದೆ.

ಆದರೂ ಏನೋ ಇತ್ತು, ಇಲ್ಲ ಎನ್ನಲಾರೆ. ದೊಡ್ಡ ಪಂದ್ಯಕ್ಕೆ ಆಯ್ಕೆಯ ಸುತ್ತು ನಮ್ಮ ಮೈದಾನದಲ್ಲಿ ನಡೆದ ವರ್ಷ, ಪತ್ರಿಕೆಯಲ್ಲಿ ಹೆಸರು ಬರುವಂಥವರು ರೈಲಿಳಿದು, ಚೀಲ ಹೊತ್ತು, ಬಂದರು ಬೀದಿಯಲ್ಲಿ ಮನೆಮನೆ ಬಾಗಿಲು ತಟ್ಟಿ ಕೋಣೆ ಕೇಳಿದರು. ನಮ್ಮ ಮನೆಯಲ್ಲಿ ವೇಲ್ಸ್‌ನವನೊಬ್ಬ ಇಳಿದಿದ್ದ. ಒಲೆಯ ಮೇಲೆ ಕಾಲುಚೀಲ ಒಣಗಿಸಿಕೊಂಡು, ಅಮ್ಮ ಹುರಿದ ಹೆರಿಂಗ್ ಮೀನು ತಿಂದು ಹೋದವನು, ಮೈದಾನದ ದಾಖಲೆ ಮುರಿದು ಬಂದು, "ಒರೆಸೋ ಬಟ್ಟೆ ಎಲ್ಲಿದೆ ಅಮ್ಮಾ?" ಎಂದು ಪಾತ್ರೆ ಒರೆಸುವುದಕ್ಕೆ ನಿಂತ. ಈಗಿನ ಆಟಗಾರ ಹೆಲಿಕಾಪ್ಟರಿನಲ್ಲಿ ಇಳಿಯುತ್ತಾನೆ, ಕಿವಿಗೆ ಎರಡು ಬಿರಡೆ ಸಿಕ್ಕಿಸಿಕೊಂಡು ನಮ್ಮೆಲ್ಲರನ್ನೂ ದಾಟಿ ಹೋಗುತ್ತಾನೆ. ಅವನ ತಪ್ಪೆಂದು ಹೇಳುತ್ತಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಇಮ್ರಿಗೂ ಒಂದು ಬೆಳಗು ಸಿಕ್ಕಿತ್ತು. ದೊಡ್ಡ ಪಂದ್ಯದಲ್ಲಿ ಒಂದು ಮಧ್ಯಾಹ್ನದ ತನಕ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅವನ ಹೆಸರಿತ್ತು. ಅಂಚೆ ಕಚೇರಿಗೆ ಫೋನು ಬಂತು. ಬಂದರಿನಲ್ಲಿ ಮೀನು ಸೀಳುತ್ತಿದ್ದ ಹೆಂಗಸರು ಚಾಕು ಕೆಳಗಿಟ್ಟು ಅಂಚೆ ಕಚೇರಿಯ ಮುಂದೆ ಬಂದು ನಿಂತರು. ನಮ್ಮ ಮೇಷ್ಟ್ರು ಲೆಕ್ಕ ಅಳಿಸಿ ಬೋರ್ಡಿನ ಮೇಲೆ "ಇಮ್ರಿ" ಎಂದು ಬರೆದರು. ಆಮೇಲೆ ಗಾಳಿ ತಿರುಗಿತು, ಅವನು ಎಲ್ಲೋ ಕೆಳಗೆ ಹೋದ. ಶನಿವಾರ ಅಂಗಡಿ ತೆರೆದಾಗ ಮೊದಲ ಗಿರಾಕಿಯಾಗಿ ಹೋದದ್ದು ನನ್ನಪ್ಪ.

"ಗಾಳಿ ಜೋರಿತ್ತಂತೆ," ಎಂದ ಅಪ್ಪ.

"ಜೋರಿತ್ತು," ಎಂದ ಇಮ್ರಿ.

ಆ ವಿಷಯಕ್ಕೆ ಪಿಟ್‌ಹೇವನ್ ಆಡಿದ ಮಾತು ಅಷ್ಟೇ. ಇಮ್ರಿಯೂ ಆ ಬೆಳಗನ್ನು ನೆನೆದವನಲ್ಲ. ಅವನು ಆ ಕಾಲ ಎಂದಾಗ ಬರುತ್ತಿದ್ದದ್ದು ಗಾಡಿಯ ಮಾತು. ಯಾರು ಯಾರ ಹೆಗಲ ಮೇಲೆ ನಿದ್ದೆಹೋದರು, ಯಾರ ಬಾಯಿ ವಾಸನೆ ತಡೆಯಲಾರದೆ ಮಂಜಿನಲ್ಲೂ ಕಿಟಕಿ ಇಳಿಸಿದರು, ಸೋತ ದಿನ ವಾಟ್ ಯಾವ ಹಾಡು ಹಾಡಿ ಎಲ್ಲರಿಗೂ ಸಿಟ್ಟು ಬರಿಸಿದ. ಆ ಮಾತುಗಳನ್ನು ಆಡುವಾಗ ಅವನ ಮುಖ ನೋಡಬೇಕಿತ್ತು.

ಪಂದ್ಯಗಳು ಮುಗಿದ ಮೇಲೆ ನಾಲ್ವರೂ ಊರಿಗೆ ಮರಳಿದರು. ಪ್ರತಿ ಗುರುವಾರ ಬೆಳಿಗ್ಗೆ ಒಂಬತ್ತು ದಾಟಿದ ಕೂಡಲೇ ಆಟ ಶುರುಮಾಡುವ ಸರದಿ ಅವರದ್ದು. ಯಾರೂ ಬರೆದುಕೊಟ್ಟದ್ದಲ್ಲ, ಯಾರೂ ಪ್ರಶ್ನಿಸಿದ್ದೂ ಇಲ್ಲ. ಮೊದಲು ಡಾಡ್ ತೀರಿಹೋದ, ಮೂವರು ಆಡಿದರು. ವಾಟ್ ಹೋದ, ಇಮ್ರಿ ಮತ್ತು ಗೌರ್ಲಿ ಇಬ್ಬರೇ ವರ್ಷಗಟ್ಟಲೆ ಆಡಿದರು. ಕಳೆದ ಚಳಿಗಾಲಕ್ಕೂ ಹಿಂದಿನ ಚಳಿಗಾಲದಲ್ಲಿ ಟ್ಯಾಮ್ ಗೌರ್ಲಿ ಊಟದ ಮೇಜಿನಲ್ಲಿ ಕೂತವನು ಹಾಗೆಯೇ ಹೋಗಿಬಿಟ್ಟ.

ಮುಂದಿನ ಗುರುವಾರ ಇಮ್ರಿ ಚೀಲ ಹೊತ್ತು ಬಂದ. ಸರದಿ ನೋಡುವ ಗುಡಿಸಲಿನಲ್ಲಿ ನೀಲ್ ಡಾಯಿಗ್ ಕೂತಿದ್ದ. ಒಳ್ಳೆಯ ಹುಡುಗ, ನಲವತ್ತು ದಾಟಿದರೂ ಮುಖ ಇನ್ನೂ ಹುಡುಗನದೇ.

"ಒಬ್ರೇನಾ, ಇಮ್ರಿಯವರೇ?"

"ಒಬ್ನೇ."

"ಹಿಂದೆ ನಾಲ್ಕೈದು ಜೋಡಿ ಇವೆ, ಅದಕ್ಕೇ…"

"ನಂಗೊತ್ತಿಲ್ವೇನೋ? ಆ ನಿಯಮ ನಿಂಗೆ ಕಲಿಸಿದ್ದೇ ನಾನು. ಬಿಟ್ಕೊಡ್ತೀನಿ ಬಿಡು."

ನಮ್ಮಲ್ಲಿ ಒಂಟಿ ಆಟಗಾರನಿಗೆ ಮೈದಾನದಲ್ಲಿ ಹಕ್ಕಿಲ್ಲ. ಇಬ್ಬರಿದ್ದರೆ ಪಂದ್ಯ, ಆಗ ಹಕ್ಕು. ಒಬ್ಬನೇ ಇದ್ದರೆ ಹಿಂದೆ ಬಂದ ಎಲ್ಲರಿಗೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಇದನ್ನು ಕಟ್ಟುನಿಟ್ಟಾಗಿ ನಡೆಸಿದವನೇ ಇಮ್ರಿ. ಅಂಗಡಿ ಮುಚ್ಚಿದ ಮೇಲೆ ಆ ಗುಡಿಸಲಿನಲ್ಲಿ ಬಹಳ ವರ್ಷ ಕೂತಿದ್ದವನು ಅವನು. ಲಂಡನ್ನಿನಿಂದ ಯಾರಾದರೂ ದೊಡ್ಡ ಮನುಷ್ಯ ಒಂಟಿಯಾಗಿ ಬಂದರೆ, "ಒಬ್ರೇ ಬಂದಿದೀರಾ? ಹಾಗಾದ್ರೆ ನೀವು ಬಂದೇ ಇಲ್ಲ ಅಂತ ಲೆಕ್ಕ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ಕೇಳಿ ನಗುತ್ತಿದ್ದೆ.

ಈಗ ಅವನೇ ಬಂದೇ ಇಲ್ಲದವನಾದ. ಮರಳುದಿಬ್ಬದ ಪಕ್ಕ, ಹುಲ್ಲಿನ ಅಂಚಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಒಂದೊಂದೇ ಜೋಡಿಗೆ ದಾರಿ ಬಿಟ್ಟ. ಎಲ್ಲರೂ ತಲೆ ಬಾಗಿಸಿ ದಾಟಿದರು. ಯಾರೂ ನಿಲ್ಲಲಿಲ್ಲ. ಅವನು ಮರಳಿ ನನ್ನ ಕಿಟಕಿಗೆ ಬಂದಾಗ ಹೊತ್ತು ಇಳಿದಿತ್ತು.

"ಏನಯ್ಯಾ ಎಬ್, ಬೆಳಿಗ್ಗೆ ಹೋದೋನು ಈಗ ಬರ್ತಿದೀಯ? ನಾರ್ವೆ ಕಡೆಯಿಂದ ಸುತ್ಕೊಂಡು ಬಂದ್ಯಾ?"

"ಅರ್ಧ ಆಡ್ದೆ. ಉಳಿದರ್ಧ ನಿಂತ್ಕೊಂಡಿದ್ದೆ."

ಬಾರ್ಲಿ ಸಾರು ಕೊಟ್ಟೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಾರನ್ನಾದ್ರೂ ಜೊತೆಗೆ ಕರಕೊಂಡು ಹೋಗಬಾರ್ದಾ?"

"ಯಾರನ್ನ?"

"ಊರ ತುಂಬಾ ಗಂಡಸ್ರಿದಾರೆ."

"ಇದಾರೆ," ಎಂದು ಸಾರು ಕುಡಿದ.

ಅವನು ಕರೆಯಲಾರ. ಕಸುಬಿನವನು ಜೊತೆಗೆ ಆಡಿದರೆ ಅದಕ್ಕೆ ದುಡ್ಡು ಕೊಡುವುದು ಹಳೆಯ ರೂಢಿ. ಹಾಗಾಗಿ ಅವನು ಮೇಲೆ ಬಿದ್ದು ಕರೆದರೆ ಗಿರಾಕಿ ಹುಡುಕಿದ ಹಾಗೆ. ಊರಿನವರಾದರೂ ಕರೆಯಬಹುದಿತ್ತಲ್ಲ ಎಂದು ಕಸಾಯಿ ಅಂಗಡಿಯ ಕಾರ್ಮ್ಯಾಕ್‌ನನ್ನು ಹಿಡಿದು ಕೇಳಿದೆ. ಅವನು ಮೂಳೆ ಕತ್ತರಿಸುವುದನ್ನೇ ನಿಲ್ಲಿಸಿಬಿಟ್ಟ. "ನಾನು ಇಮ್ರಿನ ಕರೆಯೋದಾ? ತಲೆ ಕೆಟ್ಟಿದ್ಯಾ ಐಸಾ? ನನ್ನ ಆಟ ನೋಡಿ ನನ್ನ ನಾಯೀನೇ ಮುಖ ತಿರುಗಿಸುತ್ತೆ. ಪೋಸ್ಟಿನ ರಾನಿನ ಕೇಳು." ರಾನಿಯನ್ನು ಕೇಳಿದರೆ ಅವನು ಇನ್ನೊಬ್ಬನ ಹೆಸರು ಹೇಳಿದ. ಎಲ್ಲರಿಗೂ ಇಮ್ರಿಯ ಮೇಲೆ ಅಷ್ಟು ಗೌರವ, ಯಾರಿಗೂ ಅವನ ಪಕ್ಕ ನಡೆಯುವ ಧೈರ್ಯವಿಲ್ಲ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಚಳಿಗಾಲವೆಲ್ಲ ಹೀಗೇ ಕಳೆಯಿತು. ಮಾರ್ಚಿನಲ್ಲಿ ಮೈದಾನದ ಸಮಿತಿ ಸೇರಿತು. ಅಧ್ಯಕ್ಷ ಫಾರ್ಕರ್, ಹಲ್ಲಿನ ಡಾಕ್ಟರು. ಊರಿನ ಬಾಯಿಗಳನ್ನೆಲ್ಲ ತೆರೆಸಿ ನೋಡಿದವನು, ಆದರೆ ಅವನ ಬಾಯಿಂದ ಮಾತ್ರ ನೇರವಾದ ಒಂದು ಮಾತು ಬರುವುದಿಲ್ಲ. ಅವರಿಗೆಲ್ಲ ಇಮ್ರಿ ಹಾಗೆ ನಿಲ್ಲುವುದನ್ನು ನೋಡಿ ಸಂಕಟವಾಗಿತ್ತು. ಒಂದು ಉಪಾಯ ಮಾಡಿದರು. ಗುರುವಾರದ ಆ ಸರದಿಯನ್ನೂ ಅದರ ನಂತರದ್ದನ್ನೂ ಬೇರೆ ಯಾರಿಗೂ ಕೊಡುವುದು ಬೇಡ. ಆಗ ಇಮ್ರಿಯ ಹಿಂದೆ ಯಾರೂ ಇರುವುದಿಲ್ಲ, ಯಾರಿಗೂ ದಾರಿ ಬಿಡಬೇಕಿಲ್ಲ, ಒಬ್ಬನೇ ನೆಮ್ಮದಿಯಾಗಿ ಆಡಿಕೊಳ್ಳುತ್ತಾನೆ. ಉಪಾಯ ಒಳ್ಳೆಯದೇ. ಆದರೆ ಅವನಿಗೆ ಅದನ್ನು ಹೇಳುವುದು ಹೇಗೆ? ಹೇಳಿದರೆ ಕನಿಕರ ತೋರಿಸಿದ ಹಾಗೆ. ಅದಕ್ಕೆ ಅದನ್ನು ಗೌರವದ ರೂಪದಲ್ಲಿ ಕೊಡೋಣ ಎಂದು ಗುಡಿಸಲ ಗೋಡೆಗೆ ಒಂದು ಮರದ ಹಲಗೆ ಬಡಿದರು. ಹೊನ್ನಿನ ಬಣ್ಣದಲ್ಲಿ ನಾಲ್ಕು ಹೆಸರು. ಕೆಳಗೆ, ಇವರ ಗೌರವಾರ್ಥ ಗುರುವಾರದ ಈ ಸರದಿಯನ್ನು ಖಾಲಿ ಇಡಲಾಗಿದೆ ಎಂದು ಬರೆಸಿದ್ದರು.

ಫಾರ್ಕರ್ ಪರದೆ ಎಳೆದ. ಎಲ್ಲರಿಗೂ ಶೆರ್ರಿ ವೈನು ಕೊಟ್ಟರು. ಇಮ್ರಿ ಹಲಗೆಯ ಹತ್ತಿರ ಹೋಗಿ ಓದಿದ, ಮತ್ತೊಮ್ಮೆ ಓದಿದ.

"ಚೆನ್ನಾಗಿದೆ," ಎಂದ.

ಮುಂದಿನ ಗುರುವಾರ ಅವನು ಚೀಲ ತರಲಿಲ್ಲ. ಕಪ್ಪು ಕೋಟು ಹಾಕಿಕೊಂಡು ಬಂದು, ಮೊದಲ ಹೊಡೆತದ ಜಾಗದ ಪಕ್ಕ ಟೋಪಿ ತೆಗೆದು ನಿಂತ. ಆ ಸರದಿಯ ಹೊತ್ತು ಮುಗಿಯುವ ತನಕ ಹಾಗೆಯೇ ನಿಂತು, ಮುಂದಿನ ಜೋಡಿ ಬಂದಾಗ ಟೋಪಿ ಇಟ್ಟುಕೊಂಡು ಮನೆಗೆ ಹೋದ. ಪಾಪ, ದುಃಖ ಇನ್ನೂ ಹಸಿ ಇದೆ, ಮುಂದಿನ ವಾರ ಆಡುತ್ತಾನೆ ಎಂದುಕೊಂಡೆವು. ಮುಂದಿನ ವಾರವೂ ನಿಂತ. ಅವನು ನಿಂತಾಗ ಡಾಯಿಗ್ ಸುಮ್ಮನೆ ಕೂತಿರಲಾರದೆ ಎದ್ದು ತಾನೂ ಟೋಪಿ ತೆಗೆದ. ಮತ್ತೊಂದು ವಾರಕ್ಕೆ ಅಲ್ಲಿ ಕಾಯುತ್ತಿದ್ದವರೂ ತೆಗೆದರು. ನಾನೂ ರೇಡಿಯೋ ಆರಿಸಿದೆ. ವಸಂತ ಮುಗಿಯುವ ಹೊತ್ತಿಗೆ ಇದೊಂದು ಪದ್ಧತಿಯಾಗಿ, ಹೊರಗಿನಿಂದ ಬಂದವರು ಫೋಟೋ ಹಿಡಿಯತೊಡಗಿದರು. ಮೇ ತಿಂಗಳಿನಲ್ಲಿ ಒಂದು ವಾರ ಅವನ ಕೆನ್ನೆ ನೋಡಿದೆ, ಒಳಗೆ ಇಳಿದುಬಿಟ್ಟಿತ್ತು. ಆಡುವವನು ಆಟ ಬಿಟ್ಟರೆ ಹೀಗೇ ಆಗುವುದು.

ಜೂನಿನ ಒಂದು ಗುರುವಾರ ಕಡಲ ಮಂಜು ಮೈದಾನವನ್ನೆಲ್ಲ ನುಂಗಿತ್ತು. ಇಮ್ರಿ ನಿಂತಲ್ಲೇ ನಡುಗುತ್ತಿದ್ದ. ನಾನು ಬಿಸಿ ಚಹಾ ತೆಗೆದುಕೊಂಡು ಅವನಿದ್ದಲ್ಲಿಗೇ ಹೋದೆ.

"ಕುಡಿ. ನೀನೇನು ಲೈಟು ಕಂಬ ಅಲ್ಲ."

"ಇನ್ನೂ ಹೊತ್ತು ಮುಗಿದಿಲ್ಲ ಐಸಾ."

"ಯಾವ ಹೊತ್ತು? ಆಡೋ ಹೊತ್ತಲ್ಲಿ ಹೀಗೆ ನಿಂತ್ಕೊಂಡು ಏನು ಕಾಯ್ತಿದೀಯ? ನಿನ್ನ ಚೀಲ ಎಲ್ಲಿ?"

ಸಮಾಧಿಯ ಮೇಲೆ ಕುಣಿಯಲು ಹೇಳಿದಳೇನೋ ಎಂಬಂತೆ ನನ್ನನ್ನು ನೋಡಿದ. "ಇದರಲ್ಲಿ ಆಡೋದಾ? ಹಲಗೆ ಓದಿಲ್ವಾ ನೀನು? ಖಾಲಿ ಇಡಬೇಕು ಅಂತ ಬರೆಸಿದಾರೆ. ಇದು ಸತ್ತವರ ಸರದಿ."

"ನೀನು ಸತ್ತಿದೀಯಾ?"

"ನನ್ನ ಹೆಸರೂ ಇದೆಯಲ್ಲ."

ಇಷ್ಟು ದಿನವೂ ಇವನು ಹೀಗೆ ಅಂದುಕೊಂಡು ನಿಂತಿದ್ದಾನೆ.

"ಹಾಗಾದ್ರೆ ಬೇರೆ ದಿನ ಆಡು."

"ಬೇರೆ ದಿನ ನಂಗೆಲ್ಲಿದೆ ಸರದಿ? ಒಂಟಿ ನಾನು. ದಾರಿ ಬಿಟ್ಟೂ ಬಿಟ್ಟೂ ಸಾಕಾಗಿದೆ. ಹೋಗಲಿ ಬಿಡು, ಮಲಗಿದಾಗ ಆಡ್ಕೋತೀನಿ. ಕಣ್ಣು ಮುಚ್ಚಿದ್ರೆ ಹದಿನೆಂಟೂ ಕುಳಿ ಬರ್ತವೆ."

ಅದನ್ನು ಹೇಳುವಾಗ ಅವನ ಕೈಗಳು ಟೋಪಿಯ ಅಂಚನ್ನು ಕೋಲಿನ ಹಿಡಿಯ ಹಾಗೆ ಹಿಡಿದುಕೊಂಡಿದ್ದವು. ಎಷ್ಟು ಆಸೆ ಇತ್ತೆಂದು ಕೈ ನೋಡಿದರೆ ಸಾಕಿತ್ತು.

ನಾನು ನೇರ ಫಾರ್ಕರ್‌ನ ದವಾಖಾನೆಗೆ ಹೋದೆ. ಅವನು ಯಾರದೋ ಬಾಯಿಯೊಳಗೆ ಕೈ ಇಟ್ಟುಕೊಂಡಿದ್ದ. ನೋಡಿದರೆ ಕಾರ್ಮ್ಯಾಕ್.

"ನಿಮ್ಮಲ್ಲಿ ಒಬ್ಬರಾದ್ರೂ ಆ ಇಮ್ರಿಗೆ ಬಾಯಿ ಬಿಟ್ಟು ಹೇಳಿದ್ರಾ, ಆ ಸರದಿ ಅವನು ಆಡಲಿ ಅಂತ ಇಟ್ಟಿರೋದು ಅಂತ?"

"ಹೇಳೋದು ಹೇಗೆ ಐಸಾ? ಹೇಳಿದ್ರೆ ಕನಿಕರ ತೋರಿಸಿದ ಹಾಗಾಗಲ್ವಾ? ಅವರಿಗೇ ಅರ್ಥ ಆಗುತ್ತೆ ಅಂದ್ಕೊಂಡ್ವಿ."

"ಬದುಕಿರೋ ಮನುಷ್ಯನಿಗೆ ಸಮಾಧಿ ಕಲ್ಲು ಕೆತ್ತಿಸಿ ಗೋಡೆಗೆ ಬಡಿದಿದೀರಿ. ಅವನಿಗೆ ಅರ್ಥ ಆಗಿರೋದು ಅದು. ಈಗ ಹೋಗಿ ಹೇಳಿ."

ಕಾರ್ಮ್ಯಾಕ್ ಬಾಯಿ ತೆರೆದುಕೊಂಡೇ ತಲೆಯಾಡಿಸಿದ. ಫಾರ್ಕರ್ ಕೆಂಪಗಾದ. "ಈಗ ಹೇಳಿದ್ರೆ ಇನ್ನೂ ಕೆಟ್ಟದಾಗುತ್ತೆ. ಊರಿಗೆ ಊರೇ ಟೋಪಿ ತೆಗೆದು ನಿಂತಿದೆ. ಅವರಿಗೆಷ್ಟು ಅವಮಾನ, ಯೋಚನೆ ಮಾಡು," ಎಂದ. ಈ ಮರ್ಯಾದೆಯನ್ನು ಒಯ್ದು ಸಮುದ್ರಕ್ಕೆ ಹಾಕಬೇಕು ಎಂದುಕೊಂಡು ಹೊರಗೆ ಬಂದೆ.

ಮುಂದಿನ ಗುರುವಾರ ಚಹಾದ ಕಿಟಕಿ ಮುಚ್ಚಿದೆ. ಡಾಯಿಗ್‌ನ ಗುಡಿಸಲಿನಲ್ಲಿ ಯಾರೋ ಮರೆತು ಬಿಟ್ಟುಹೋದ ಕೋಲುಗಳಿದ್ದವು. ಅದರಲ್ಲಿ ಮೂರನ್ನು ಎತ್ತಿಕೊಂಡೆ. "ಐಸಾ, ಎಲ್ಲಿಗೆ?" ಎಂದ ಡಾಯಿಗ್. ಇಲಿ ಹೊಡೆಯುವುದಕ್ಕೆ ಎಂದೆ. ಇಮ್ರಿ ಎಂದಿನಂತೆ ಟೋಪಿ ತೆಗೆದು ನಿಂತಿದ್ದ, ಸುತ್ತಲೂ ಏಳೆಂಟು ಜನ ತೆಗೆದು ನಿಂತಿದ್ದರು. ನಾನು ನೇರ ಅವನ ಮುಂದೆ ಹೋಗಿ ನಿಂತೆ.

"ಎಬ್, ನಿನ್ನ ಜೊತೆ ಆಡೋಕೆ ಬಂದಿದೀನಿ."

"ನಿಂಗೆ ಆಡೋಕೆ ಬರಲ್ಲ."

"ಬರಲ್ಲ. ಇಬ್ಬರಿಗೂ ಆಡೋಕೆ ಬರಬೇಕು ಅಂತ ನಿಯಮದಲ್ಲಿದೆಯಾ? ಇಬ್ಬರಿರಬೇಕು ಅಂತ ತಾನೇ ಇರೋದು?"

ಅವನ ಹುಬ್ಬು ಗಂಟಿಕ್ಕಿತು. ಗುಡಿಸಲಿನಲ್ಲಿ ಕೂತಿದ್ದ ಹಳೆಯ ಇಮ್ರಿ ಒಳಗೆಲ್ಲೋ ಎದ್ದು ನಿಯಮದ ಪುಸ್ತಕ ತಿರುವಿ ಹಾಕುತ್ತಿದ್ದ. "ಇಬ್ಬರಿದ್ರೆ ಪಂದ್ಯವೇ," ಎಂದು ಕೊನೆಗೆ ಒಪ್ಪಿಕೊಂಡ. "ಆದರೆ ಹಲಗೆ…"

"ಹಲಗೆ ಮೇಲಿರೋ ನಾಲ್ವರಲ್ಲಿ ನೀನೊಬ್ಬ. ಉಳಿದ ಮೂವರಲ್ಲಿ ಯಾರಾದ್ರೂ ತಕರಾರು ತೆಗೆದ್ರೆ ನನ್ನ ಹತ್ತಿರ ಕಳಿಸು."

ಅವನ ಬಾಯಿಯ ಮೂಲೆ ಅಲ್ಲಾಡಿತು. ಟೋಪಿ ತಲೆಗಿಟ್ಟುಕೊಂಡ. "ಚೀಲ ತರ್ತೀನಿ," ಎಂದು ಮೀನಂಗಡಿಯ ಕಡೆ ನಡೆದ. ಅಷ್ಟು ಬೇಗ ನಡೆದದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಸುತ್ತಲಿದ್ದವರಿಗೆ ಟೋಪಿ ಇಟ್ಟುಕೊಳ್ಳಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಅವನು ಮೊದಲ ಹೊಡೆತ ಹೊಡೆದ. ಚೆಂಡು ಹೆಚ್ಚು ದೂರವೇನೂ ಹೋಗಲಿಲ್ಲ, ಆದರೆ ಗೆರೆ ಎಳೆದಂತೆ ಹೋಯಿತು. ನಾನು ಎರಡು ಸಲ ಬರೀ ಗಾಳಿಗೆ ಹೊಡೆದೆ, ಮೂರನೆಯ ಸಲ ಚೆಂಡು ಕಪ್ಪೆಯ ಹಾಗೆ ಕುಪ್ಪಳಿಸಿ ಮುಂದೆ ಕೂತಿತು. ಯಾರೂ ನಗಲಿಲ್ಲ. ನಮ್ಮೂರಿನವರಲ್ಲವೇ.

"ಹಿಂದೆ ಕಾರ್ಮ್ಯಾಕ್‌ನೋರು ಬರ್ತಿದಾರೆ, ಪಕ್ಕಕ್ಕೆ ಸರಿಯೋಣ್ವಾ?" ಎಂದೆ ಎರಡನೆಯ ಕುಳಿಯಲ್ಲಿ.

"ಯಾಕೆ ಸರೀಬೇಕು? ನಾವು ಪಂದ್ಯ. ಚೆಂಡು ಕಳಕೊಳ್ಳೋ ತನಕ ಯಾರಿಗೂ ದಾರಿ ಬಿಡಬೇಕಾಗಿಲ್ಲ." ಅವನ ಎದೆ ಅಗಲವಾಗಿತ್ತು.

ಅದಾದ ಮೇಲಿನ ಹೊಡೆತಕ್ಕೇ ನನ್ನ ಚೆಂಡು ಹಳದಿ ಹೂವಿನ ಮುಳ್ಳುಪೊದೆಗೆ ಹೋಗಿ ಸೇರಿತು. ಇಮ್ರಿ ಆ ಪೊದೆಯನ್ನೂ ನೋಡಿದ, ನನ್ನನ್ನೂ ನೋಡಿದ, ನಿಟ್ಟುಸಿರು ಬಿಟ್ಟು ಹಿಂದಿನವರಿಗೆ ಬನ್ನಿ ಎಂದು ಕೈ ಬೀಸಿದ. ಕಾರ್ಮ್ಯಾಕ್ ದಾಟುವಾಗ, "ಹೇಗಿದೆ ಆಟ, ಐಸಾ?" ಎಂದ. ಬಾಯಿ ಮುಚ್ಚಿಕೊಂಡು ನಡಿ, ಇಲ್ಲದಿದ್ದರೆ ನಿನ್ನ ಉಳಿದ ಹಲ್ಲೂ ಉಳಿಯಲ್ಲ ಎಂದೆ. ಇಮ್ರಿ ಜೋರಾಗಿ ನಕ್ಕ. ಗೆದ್ದೆ ಎಂದುಕೊಂಡೆ ನಾನು. ಅವನ ಒಂಟಿತನ ಇವತ್ತಿಗೆ ಮುಗಿಯಿತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ತೊರೆಯ ಹತ್ತಿರ ಬಂದಾಗ ಅವನಿಗೆ ಮಾತು ಬಂತು. "ಡಾಡ್ ಸಿಟ್ಟಿಗೆ ಕೋಲು ಎಸೆದದ್ದು ಇಲ್ಲೇ. ಆಮೇಲೆ ಪ್ಯಾಂಟು ಮಡಚಿ ನೀರಿಗಿಳಿದು ಹುಡುಕಿದ. ಎಷ್ಟು ಚಳಿ ಇತ್ತು ಅವತ್ತು, ಅಲ್ವೇನೋ?" ಎಂದು ಎಡಕ್ಕೆ ತಿರುಗಿದ. ಎಡಗಡೆ ಯಾರೂ ಇರಲಿಲ್ಲ. ನಾನು ಬಲಗಡೆ ನಡೆಯುತ್ತಿದ್ದೆ. ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿ ಮುಂದೆ ನಡೆದ. ದಿಬ್ಬ ಇಳಿಯುವಾಗಲೂ ಹಾಗೇ ಆಯಿತು. ಏನೋ ನೆನಪಾಗಿ ಮಾತು ಶುರುಮಾಡಿ, ಉತ್ತರಕ್ಕೆಂದು ಎಡಕ್ಕೆ ತಿರುಗಿ, ನಿಂತುಬಿಟ್ಟ. ಗೌರ್ಲಿ ಯಾವಾಗಲೂ ಆ ಕಡೆ ನಡೆಯುತ್ತಿದ್ದವನು ಎಂದು ನನ್ನ ಕಿಟಕಿಯಿಂದ ನೋಡಿ ನೋಡಿ ನನಗೆ ಗೊತ್ತಿತ್ತು. ಹಾಗಾಗಿ ನಾನೇ ಉಪಾಯ ಮಾಡಿ ಅವನ ಎಡಕ್ಕೆ ಬಂದೆ. ಮುಂದಿನ ಸಲ ಅವನು ತಿರುಗಿದಾಗ ನನ್ನ ಮುಖ ಕಂಡಿತು. ಅವನ ಮುಖದಲ್ಲಿ ಆದದ್ದನ್ನು ನೋಡಿ, ಬಲಗಡೆಯೇ ಇರಬೇಕಿತ್ತು ಎನ್ನಿಸಿತು.

ನನ್ನ ಕಾಲು ನೋಯುತ್ತಿತ್ತು. ಹೋಗುವ ದಾರಿಯ ಕುಳಿಗಳೂ ಮರಳುವ ದಾರಿಯ ಕುಳಿಗಳೂ ಅಲ್ಲಿ ಅಕ್ಕಪಕ್ಕ ಇರುವುದರಿಂದ, ನಡುವೆಯೇ ಅಡ್ಡ ಹಾದು ಕೊನೆಯ ಮೂರು ಕುಳಿಗೆ ಬಂದೆವು. ಕೊನೆಯ ಕುಳಿಯ ಸುತ್ತ ಡಾಯಿಗ್, ಫಾರ್ಕರ್, ಇನ್ನೂ ಯಾರ್ಯಾರೋ ಬಂದು ನಿಂತಿದ್ದರು. ಇಮ್ರಿಯ ಚೆಂಡು ಕುಳಿಯಿಂದ ಒಂದು ಬೂಟಿನಷ್ಟು ದೂರದಲ್ಲಿತ್ತು. ಅಷ್ಟು ಹತ್ತಿರವಿದ್ದರೆ ಎದುರಾಳಿಯೇ, ಹೊಡೆಯುವುದು ಬೇಡ, ಒಳಗೆ ಹೋಯಿತೆಂದೇ ಲೆಕ್ಕ, ಎತ್ತಿಕೋ ಎನ್ನುವುದು ರೂಢಿ. ಅಷ್ಟೂ ಗೊತ್ತಿಲ್ಲದವಳಲ್ಲ ನಾನು.

"ಸಾಕು ಎಬ್, ಎತ್ಕೋ," ಎಂದೆ.

ಅವನು ಬಗ್ಗಿದವನು ಹಾಗೆಯೇ ನಿಂತ. "ಟ್ಯಾಮ್ ಯಾವತ್ತೂ ಹಾಗೆ ಹೇಳಿದೋನಲ್ಲ," ಎಂದ ಮೆಲ್ಲಗೆ. "ಇಷ್ಟೇ ಇಷ್ಟಿದ್ರೂ ಹೊಡೆಸ್ತಿದ್ದ. ಅಷ್ಟು ಹತ್ತಿರ ಇದ್ರೆ ಹೊಡೆಯೋಕೇನು ರೋಗ ನಿಂಗೆ ಅನ್ನೋನು."

"ಹಾಗಾದ್ರೆ ಹೊಡಿ."

ಅವನು ಹೊಡೆಯಲಿಲ್ಲ. ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಆಟ ಮುಗಿದ ಮೇಲೆ ಮಾಡುವಂತೆ ನನ್ನ ಕೈ ಕುಲುಕಿದ. ಅವನ ಕೈ ತಣ್ಣಗಿತ್ತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಫಾರ್ಕರ್‌ನ ಕಣ್ಣಲ್ಲಿ ನೀರಿತ್ತು.

ಕಿಟಕಿಯ ತನಕ ಇಬ್ಬರೂ ಜೊತೆಗೆ ನಡೆದೆವು. "ಮುಂದಿನ ವಾರಾನೂ ಬರ್ತೀನಿ," ಎಂದೆ. "ಅಷ್ಟರಲ್ಲಿ ಚೆಂಡಿಗೆ ತಾಗಿಸೋದಾದ್ರೂ ಕಲಿತಿರ್ತೀನಿ."

"ಬೇಡ ಐಸಾ. ಆ ಸರದೀನ ಯಾರಾದ್ರೂ ಆಡೋರಿಗೆ ಕೊಟ್ಬಿಡು ಅಂತ ಡಾಯಿಗ್‌ಗೆ ಹೇಳ್ತೀನಿ."

"ಯಾಕೆ? ಅಷ್ಟು ಕೆಟ್ಟದಾಗಿ ಆಡಿದ್ನಾ?"

"ಕೆಟ್ಟದಾಗೇ ಆಡಿದೆ," ಎಂದು ನಕ್ಕ. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅದಕ್ಕಲ್ಲ ಕಣೆ. ಅಲ್ಲಿ ವಾರವಾರ ನಿಂತಿರೋವಾಗ, ಮೂವರೂ ಬರೋದು ಒಂಚೂರು ತಡ ಆಗಿದೆ ಅಷ್ಟೇ ಅನ್ನಿಸ್ತಿತ್ತು. ಇವತ್ತು ಮೈದಾನದಲ್ಲೆಲ್ಲ ನೋಡ್ಕೊಂಡು ಬಂದೆ. ಇಲ್ಲ."

ಚೀಲವನ್ನು ಹೆಗಲಿಗೇರಿಸಿಕೊಂಡು ಮೀನಂಗಡಿಯ ಕಡೆ ಹೊರಟುಹೋದ. ನನಗೆ ತಡೆಯಲಾರದಷ್ಟು ಅಳು ಬಂತು. ಅವನಿಗೆ ಒಬ್ಬ ಜೊತೆಗಾರ್ತಿಯನ್ನು ಕೊಟ್ಟೆನೋ, ಇದ್ದ ಮೂವರನ್ನೂ ಕಿತ್ತುಕೊಂಡೆನೋ, ಇವತ್ತಿಗೂ ನನಗೆ ತಿಳಿದಿಲ್ಲ. ಚಹಾಕ್ಕೆ ಜನ ಕಾಯುತ್ತಿದ್ದರು, ಮುಖ ಒರೆಸಿಕೊಂಡು ಹೋಗಿ ಕಿಟಕಿ ತೆರೆದೆ.